ಹಳೆಯ ಕಾರ್ಟೂನ್ ರೀಲು ಕೊಳ್ಳುವಾಗ ಡಬ್ಬಿಯನ್ನಲ್ಲ, ಫಿಲ್ಮನ್ನೇ ಓದಿ

ಹೊಸನೋಟ

1920–30ರ ದಶಕದ ಕಪ್ಪು-ಬಿಳುಪು ಕಾರ್ಟೂನುಗಳ 16 ಎಂ.ಎಂ. ಪ್ರಿಂಟು (16 ಮಿ.ಮೀ. ಅಗಲದ ಫಿಲ್ಮಿನ ಪ್ರತಿ) ಕೊಳ್ಳುವವರು ಮೊದಲು ಏನನ್ನು ನೋಡಬೇಕು? ಬೆಟ್ಟಿ ಬೂಪ್ ಎಂಬ ಕಾರ್ಟೂನು ಹುಡುಗಿಯ ಒಂದೇ ಚಿತ್ರ ಮೂರು ಕಡೆ ಮೂರು ಬೆಲೆಗೆ ಇರುತ್ತದೆ, ಮೂವರೂ "ಒರಿಜಿನಲ್" ಅಂತಲೇ ಬರೆದಿರುತ್ತಾರೆ. ಇವೆಲ್ಲ ನೆಟ್‌ನಲ್ಲಿ ಪುಕ್ಕಟೆ ಸಿಗುವಾಗ ಫಿಲ್ಮೇ ಯಾಕೆ ಬೇಕು ಅನ್ನುವುದನ್ನೂ ತಿಳಿದವರು ಹೇಳಿ.

ರೀಲುಗಣ್ಣು

ಎರಡನೇ ಪ್ರಶ್ನೆಯಿಂದಲೇ ಶುರು ಮಾಡೋಣ.

ಅಮೆರಿಕದ ಕಾರ್ಟೂನುಗಾರ ವಿನ್ಸರ್ ಮೆಕೇ 1914ರಲ್ಲಿ ಗರ್ಟಿ ಡೈನೋಸಾರನ್ನು ಬರೆದಾಗ ಹಿನ್ನೆಲೆಯ ಮೇಲೆ ಇಡುವ ಪಾರದರ್ಶಕ ಸೆಲ್ ಹಾಳೆ ಬಳಕೆಗೆ ಬಂದಿರಲಿಲ್ಲ. ಪ್ರತಿ ಚಿತ್ರಕ್ಕೂ ಅಕ್ಕಿ ಕಾಗದದ ಹೊಸ ಹಾಳೆ, ಪ್ರತಿ ಹಾಳೆಯಲ್ಲೂ ಬೆಟ್ಟ, ಕೆರೆ, ಕಲ್ಲುಗಳನ್ನು ಸಹಾಯಕರು ಮತ್ತೆ ಮತ್ತೆ ಬರೆದರು. ಅದಕ್ಕೇ ಅಲ್ಲಿ ನಿಂತ ಕಲ್ಲೂ ಸಣ್ಣಗೆ ನಡುಗುತ್ತದೆ. ಅದು ಕೈಬರಹದ ನಡುಕ, ಆ ಚಿತ್ರದ ಜೀವವೇ ಅದು. ಡಿಜಿಟಲ್ ಶುಚಿಗೊಳಿಸುವ ಯಂತ್ರಗಳು ಒಂದು ಫ್ರೇಮಿನಲ್ಲಿ ಕಂಡು ಮುಂದಿನದರಲ್ಲಿ ಜಾಗ ಬದಲಿಸುವ ತೆಳು ಗೆರೆಯನ್ನು ಕೊಳೆ ಎಂದು ತಿಳಿದು ಅಳಿಸುತ್ತವೆ. ಡಿವಿಡಿ ಕಾಲದ ಎಷ್ಟೋ ಕಾರ್ಟೂನುಗಳಲ್ಲಿ ಓಡುವ ಪಾತ್ರದ ಕೈಬೆರಳು, ಹುಬ್ಬು, ಬಾಯಿಯ ಗೆರೆ ಅಲ್ಲಲ್ಲಿ ಮಾಯವಾಗಲು ಇದೇ ಕಾರಣ. ಒಳ್ಳೆಯ ಪ್ರಿಂಟಿನಲ್ಲಿ ಶಾಯಿಯ ಗೆರೆ ದಪ್ಪವಾಗಿ ಹೊರಟು ತುದಿಯಲ್ಲಿ ಸಣ್ಣಗಾಗುವುದು ಕಾಣುತ್ತದೆ, ಹಿನ್ನೆಲೆಯ ಬೂದು ಬಣ್ಣದ ಛಾಯೆಗಳು ಕಾಣುತ್ತವೆ. ಕೆಟ್ಟ ನಕಲಿನಲ್ಲಿ ಇವೆರಡೂ ಇರುವುದಿಲ್ಲ. ಹಾಗಾಗಿ "ಯಾವ ಕಾರ್ಟೂನು" ಅನ್ನುವುದಕ್ಕಿಂತ "ಎಷ್ಟನೇ ತಲೆಮಾರಿನ ಪ್ರಿಂಟು", ಅಂದರೆ ಮೂಲದಿಂದ ಎಷ್ಟನೇ ನಕಲು, ಅನ್ನುವುದೇ ಮೊದಲ ಪ್ರಶ್ನೆ.

ಅದಕ್ಕೆ ಉತ್ತರ ಫಿಲ್ಮಿನ ಅಂಚಿನಲ್ಲಿದೆ. ಕೊಡಾಕ್ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳ ಗುರುತು ಇರುತ್ತದೆ. 1936ಕ್ಕೆ ಒಂದು ವೃತ್ತ, 1937ಕ್ಕೆ ಚೌಕ, 1938ಕ್ಕೆ ತ್ರಿಕೋನ. ಆದರೆ ಈ ಗುರುತು 20 ವರ್ಷಕ್ಕೊಮ್ಮೆ ಮರುಕಳಿಸುತ್ತದೆ. ಒಂದು ವೃತ್ತ ಅಂದರೆ 1916 ಆಗಬಹುದು, 1936 ಆಗಬಹುದು, 1956 ಕೂಡ ಆಗಬಹುದು. ಅದು ಫಿಲ್ಮ್ ತಯಾರಾದ ವರ್ಷ, ಕಾರ್ಟೂನು ತಯಾರಾದ ವರ್ಷವಲ್ಲ. 1931ರ ಚಿತ್ರದ 1956ರ ಪ್ರಿಂಟು ಎಂದರೆ ಬಹುತೇಕ ಟಿವಿಗಾಗಿ ಮಾಡಿದ್ದು.

ಗುರುತಿನ ಬಣ್ಣವನ್ನೂ ನೋಡಿ. ಮಾಮೂಲಿ ಪಾಸಿಟಿವ್ ಪ್ರಿಂಟಿನಲ್ಲಿ ತಿಳಿ ಅಂಚಿನ ಮೇಲೆ ಕಪ್ಪು ಗುರುತಿದ್ದರೆ ಅದು ನಿಮ್ಮ ಕೈಯಲ್ಲಿರುವ ಫಿಲ್ಮಿನದೇ. ಕಪ್ಪು ಪಟ್ಟಿಯೊಳಗೆ ಬಿಳಿ ಗುರುತಿದ್ದರೆ ಅದು ನೆಗೆಟಿವ್‌ನಿಂದ ಅಚ್ಚಾಗಿ ಬಂದದ್ದು. ಎರಡೂ ಇದ್ದರೆ ಭಾಗ್ಯ, ನೆಗೆಟಿವ್ ಯಾವಾಗಿನದು, ಪ್ರಿಂಟು ಯಾವಾಗಿನದು ಎರಡೂ ಗೊತ್ತಾಗುತ್ತದೆ.

ಚೌಕಟ್ಟು24

ರೀಲುಗಣ್ಣು ಹೇಳಿದ್ದಕ್ಕೆ ಒಂದು ತಿದ್ದುಪಡಿ. ತೂತುಗಳ ಸುತ್ತಲ ಅಂಚು ಪೂರ್ತಿ ಕಪ್ಪಾಗಿದ್ದರೆ ಅದು ರಿವರ್ಸಲ್ ಫಿಲ್ಮ್ ಇರಬಹುದು. ಅಂದರೆ ಯಾರೋ ಒಂದು ಪ್ರಿಂಟನ್ನು ನೆಗೆಟಿವ್ ಇಲ್ಲದೆ ನೇರವಾಗಿ ನಕಲು ಮಾಡಿದ್ದಾರೆ. ಅಲ್ಲಿ ಬಿಳಿ ಗುರುತು ಫಿಲ್ಮಿನ ಸ್ವಂತದ್ದೇ ಆಗಿರುತ್ತದೆ, ಮೇಲಿನ ಲೆಕ್ಕ ತಲೆಕೆಳಗು. ಖಾಸಗಿ ನಕಲುಗಳು ಹೆಚ್ಚಾಗಿ ಹೀಗೇ ಆಗಿರುವುದರಿಂದ ಕಪ್ಪು ಅಂಚು ಕಂಡ ಕೂಡಲೇ ಬೆಲೆಯ ಮಾತು ನಿಲ್ಲಿಸಿ ಚಿತ್ರದ ಗುಣ ನೋಡಿ.

ಪರದೆಯ ಮೇಲೆ ಕೊಳೆಯ ಬಣ್ಣವೂ ಸಾಕ್ಷಿ ಹೇಳುತ್ತದೆ. ನೆಗೆಟಿವ್ ಮೇಲಿದ್ದ ದೂಳು ಪ್ರಿಂಟಿನಲ್ಲಿ ಬಿಳಿ ಚುಕ್ಕೆಯಾಗಿ ಬರುತ್ತದೆ, ಒರೆಸಿದರೆ ಹೋಗುವುದಿಲ್ಲ. ನಿಮ್ಮ ಪ್ರಿಂಟಿನ ಮೇಲಿನ ದೂಳು ಕಪ್ಪಾಗಿ ಕಾಣುತ್ತದೆ, ಒರೆಸಿದರೆ ಹೋಗುತ್ತದೆ.

ಹೊಸನೋಟ

ಡಬ್ಬಿಯಲ್ಲಿ ಪೂರ್ತಿ ಕಾರ್ಟೂನು ಇದೆಯೇ ಎಂದು ಪ್ರೊಜೆಕ್ಟರಿಗೆ ಹಾಕದೆ ತಿಳಿಯಬಹುದೇ?

ಚೌಕಟ್ಟು24

ತಿಳಿಯಬಹುದು. ಅಡಿಗಳ ಲೆಕ್ಕ ಸಾಕು. 16 ಎಂ.ಎಂ.ನಲ್ಲಿ ಒಂದು ಅಡಿಗೆ 40 ಫ್ರೇಮ್. ಮಾತಿನ ಚಿತ್ರ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ನಿಮಿಷಕ್ಕೆ 36 ಅಡಿ. 7 ನಿಮಿಷದ ಕಾರ್ಟೂನು 252 ಅಡಿ. ಮೊದಲು-ಕೊನೆಯ ಖಾಲಿ ಫಿಲ್ಮ್ ಬಿಟ್ಟು 200 ಅಡಿ ಮಾತ್ರ ಇದ್ದರೆ ಸುಮಾರು ಒಂದೂವರೆ ನಿಮಿಷ ಕಾಣೆಯಾಗಿದೆ ಅಂತಲೇ ಅರ್ಥ. 35 ಎಂ.ಎಂ.ನಲ್ಲಿ ಅಡಿಗೆ 16 ಫ್ರೇಮ್, ನಿಮಿಷಕ್ಕೆ 90 ಅಡಿ. ಹಳೆಯ 8 ಎಂ.ಎಂ.ನಲ್ಲಿ ಅಡಿಗೆ 80, 1965ರಲ್ಲಿ ಬಂದ ಸೂಪರ್ 8ರಲ್ಲಿ 72.

ಮನೆಬಳಕೆಗೆ ಮಾರಿದ 50 ಅಡಿಯ 8 ಎಂ.ಎಂ. ರೀಲುಗಳಲ್ಲಿ ಜನ ಮೋಸಹೋಗುವುದು ಇಲ್ಲೇ. 50 ಅಡಿ ಎಂದರೆ 4000 ಫ್ರೇಮ್. 7 ನಿಮಿಷದ ಚಿತ್ರಕ್ಕೆ 10,080 ಫ್ರೇಮ್ ಬೇಕು. ಅರ್ಧಕ್ಕಿಂತ ಕಡಿಮೆ ಚಿತ್ರ ಅಲ್ಲಿರುತ್ತದೆ, ಆದರೂ ಮೊದಲು ಶೀರ್ಷಿಕೆ, ಕೊನೆಗೆ "ದಿ ಎಂಡ್" ಎರಡೂ ಇರುವುದರಿಂದ ಪೂರ್ತಿ ಅನ್ನಿಸುತ್ತದೆ. ಇನ್ನೊಂದು ತೊಡಕೂ ಉಂಟು. ಮಾತಿನ ಕಾರ್ಟೂನನ್ನು ಮೂಕಿಯಾಗಿ ಮಾರಿದ್ದರೆ ಮನೆಯ ಪ್ರೊಜೆಕ್ಟರಿನ 16 ಫ್ರೇಮ್ ವೇಗದಲ್ಲಿ ಅದು ನೀರಿನೊಳಗೆ ನಡೆದಂತೆ ನಿಧಾನವಾಗುತ್ತದೆ. 24ಕ್ಕೇ ಓಡಿಸಿ.

ಕಪ್ಪುಬಿಳುಪು

ಬೆಟ್ಟಿ ಬೂಪ್ ಮೂರು ಬೆಲೆಯ ವಿಷಯ. ಇವನ್ನು ವಿತರಿಸಿದ ಪ್ಯಾರಮೌಂಟ್ ಕಂಪನಿ ತನ್ನ ಹಳೆಯ ಕಿರುಚಿತ್ರಗಳನ್ನು 1950ರ ದಶಕದ ಮಧ್ಯದಲ್ಲಿ ಟಿವಿ ವಿತರಕರಿಗೆ ಮಾರಿದಾಗ ತನ್ನ ಹೆಸರು, ಬೆಟ್ಟದ ಲಾಂಛನ ಕಾಣಬಾರದೆಂದು ಷರತ್ತು ಹಾಕಿತು. ಕೊಂಡ ಕಂಪನಿಗಳಾದ ಯು.ಎಂ. ಅಂಡ್ ಎಂ., ಅದರ ನಂತರ ಎನ್.ಟಿ.ಎ. ಆರಂಭದ ಶೀರ್ಷಿಕೆಗಳನ್ನು ಬದಲಿಸಿದವು. ನಾವಿಕ ಪಾಪಾಯ್‌ನ ಚಿತ್ರಗಳಿಗೆ 1956ರಲ್ಲಿ ಎ.ಎ.ಪಿ. ಎಂಬ ವಿತರಕ ಕಂಪನಿ ಇದನ್ನೇ ಮಾಡಿತು. ಆದ್ದರಿಂದ 16 ಎಂ.ಎಂ.ನಲ್ಲಿ ಸಿಗುವ ಬಹುಪಾಲು ಬೆಟ್ಟಿ ಬೂಪ್, ಪಾಪಾಯ್ ಪ್ರಿಂಟುಗಳು ಟಿವಿ ಶೀರ್ಷಿಕೆಯವು. ಚಿತ್ರಮಂದಿರದ ಮೂಲ ಶೀರ್ಷಿಕೆ ಉಳಿದಿರುವ ಪ್ರಿಂಟಿಗೆ ಬೆಲೆ ಹೆಚ್ಚು, ಅದು ನ್ಯಾಯವೇ.

ಮೂರನೆಯ ಬಗೆಯೊಂದಿದೆ, ಅದರಿಂದ ದೂರವಿರಿ. 1960ರ ದಶಕದ ಕೊನೆಯಿಂದ ಕಪ್ಪು-ಬಿಳುಪು ಪೋರ್ಕಿ ಪಿಗ್, ಆಮೇಲೆ ಬೆಟ್ಟಿ ಬೂಪ್ ಚಿತ್ರಗಳನ್ನು ಕೊರಿಯಾದಲ್ಲಿ ಫ್ರೇಮ್ ಮೇಲೆ ಫ್ರೇಮ್ ನಕಲೆಳೆದು ಬಣ್ಣ ಹಾಕಿಸಿದರು. ಖರ್ಚು ಉಳಿಸಲು ನಡುನಡುವೆ ಎಷ್ಟೋ ಫ್ರೇಮುಗಳನ್ನು ಎಳೆಯದೆ ಬಿಟ್ಟೇಬಿಟ್ಟರು. ಚಲನೆ ಎಡವುತ್ತದೆ, ಬೂದು ಬಣ್ಣದ ಹಿನ್ನೆಲೆ ಹೋಗಿ ಚಪ್ಪಟೆ ಬಣ್ಣ ಬಂದಿದೆ. "ಬಣ್ಣದ ಬೆಟ್ಟಿ ಬೂಪ್, ಅಪರೂಪ" ಎಂದು ಬರೆದಿದ್ದರೆ ಬಹುತೇಕ ಇದೇ. ಬೆಟ್ಟಿ ಬೂಪ್, ಪಾಪಾಯ್ ಕಾರ್ಟೂನುಗಳನ್ನು ತಯಾರಿಸಿದ ಫ್ಲೈಷರ್ ಸ್ಟುಡಿಯೋ ಬೆಟ್ಟಿಯನ್ನು ಬಣ್ಣದಲ್ಲಿ ತೆಗೆದದ್ದು 1934ರ ಸಿಂಡರೆಲ್ಲಾ ಕಥೆಯಲ್ಲಿ ಒಮ್ಮೆ ಮಾತ್ರ.

ಗರಡಿರೀಲು

ಶೀರ್ಷಿಕೆ ಬದಲಾದ ಪ್ರಿಂಟನ್ನು ಅಷ್ಟು ಕೀಳಾಗಿ ಕಾಣುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅಫಿಷಿಯಲ್ ಫಿಲ್ಮ್ಸ್ ಎಂಬ ಮನೆಬಳಕೆಯ ಕಂಪನಿ ವಾನ್ ಬ್ಯೂರೆನ್ ಸ್ಟುಡಿಯೋದ "ಟಾಮ್ ಅಂಡ್ ಜೆರ್ರಿ"ಯನ್ನು "ಡಿಕ್ ಅಂಡ್ ಲ್ಯಾರಿ" ಎಂದು ಮಾರಿತು. ಇದು ಬೆಕ್ಕು-ಇಲಿಯಲ್ಲ, 1931ರಿಂದ 1933ರವರೆಗೆ ಬಂದ ಉದ್ದ-ಗಿಡ್ಡ ಜೋಡಿ. ಹೆಸರು ಬದಲಾದರೂ ಒಳಗಿನ ಚಿತ್ರ ಹಲವು ಸಲ ಸ್ಫುಟವಾಗಿರುತ್ತದೆ, ಏಕೆಂದರೆ ಆಮೇಲಿನ ನಕಲುಗಳಿಗಿಂತ ಅದು ಮೂಲಕ್ಕೆ ಹತ್ತಿರ. ಶೀರ್ಷಿಕೆ 20 ಸೆಕೆಂಡು, ಚಿತ್ರ ಆರೇಳು ನಿಮಿಷ.

ಕತ್ತರಿಸಿದ ಮನೆಬಳಕೆಯ ತುಂಡುಗಳೂ ಹಗುರವಲ್ಲ. ಡಿಸ್ನಿಯ ಆಸ್ವಾಲ್ಡ್ ಮೊಲದ ಚಿತ್ರಗಳಲ್ಲಿ ಕಳೆದುಹೋದವು ಹಲವು. 1928ರ "ನೆಕ್ ಎನ್ ನೆಕ್" 2018ರಲ್ಲಿ ಜಪಾನಿನಲ್ಲಿ ಪತ್ತೆಯಾದದ್ದು ಮನೆಬಳಕೆಗೆ ಕತ್ತರಿಸಿ ಮಾರಿದ ಸುಮಾರು ಎರಡು ನಿಮಿಷದ ತುಂಡಾಗಿ. ಅದಕ್ಕೆ ಮುಂಚೆ ಆಸ್ವಾಲ್ಡನ ಇನ್ನೆರಡು ಚಿತ್ರಗಳು ನಾರ್ವೆಯ ರಾಷ್ಟ್ರೀಯ ಗ್ರಂಥಾಲಯದಲ್ಲಿ, ಬ್ರಿಟಿಷ್ ಫಿಲ್ಮ್ ಇನ್ಸ್ಟಿಟ್ಯೂಟಿನಲ್ಲಿ ಸಿಕ್ಕವು. ಹೆಸರಿಲ್ಲದ ಮೂಕಿ ಕಾರ್ಟೂನು ಕೈಗೆ ಬಂದರೆ ಗುರುತಿಸುವವರೆಗೆ ಮಾರಬೇಡಿ, ಕತ್ತರಿಸಬೇಡಿ.

ಪ್ಯಾಥೆ ಕಂಪನಿಯ 9.5 ಎಂ.ಎಂ. ರೀಲುಗಳಲ್ಲಿ ಫೆಲಿಕ್ಸ್ ಬೆಕ್ಕು, ಮಿಕಿ ಇಲಿ ಸಿಗುತ್ತವೆ. ತೂತು ಎರಡು ಫ್ರೇಮುಗಳ ನಡುವೆ, ಮಧ್ಯದಲ್ಲಿ. ಹಳೆಯ ರೀಲುಗಳ ಅಂಚಿನಲ್ಲಿ ಅಲ್ಲಲ್ಲಿ ಸಣ್ಣ ಕಚ್ಚು ಇರುತ್ತದೆ. ಅದು ಹರಿದದ್ದಲ್ಲ. ಕಚ್ಚು ಬಂದಾಗ ಪ್ಯಾಥೆ ಬೇಬಿ ಪ್ರೊಜೆಕ್ಟರ್ ಅಲ್ಲಿನ ಬರಹದ (ಶೀರ್ಷಿಕೆ, ಮಾತಿನ ಸಾಲು) ಫ್ರೇಮನ್ನು ಕೆಲವು ಸೆಕೆಂಡು ನಿಲ್ಲಿಸಿ ತೋರಿಸುತ್ತಿತ್ತು, ಫಿಲ್ಮ್ ಉಳಿಸುವ ಉಪಾಯ. ಬೇರೆ ಪ್ರೊಜೆಕ್ಟರಿನಲ್ಲಿ ಬರಹ ಮಿಂಚಿ ಮಾಯವಾಗುತ್ತದೆ. ಸ್ಕ್ಯಾನ್ ಮಾಡುವಾಗ ಆ ಫ್ರೇಮನ್ನು ಕೈಯಾರೆ ಹಿಗ್ಗಿಸಬೇಕು.

ಕಪ್ಪುಬಿಳುಪು

ಗರಡಿರೀಲು, ಮನೆಬಳಕೆಯ ಪ್ರಿಂಟಿನ ಬಗ್ಗೆ ಒಪ್ಪಿದೆ. ಟಿವಿ ಪ್ರಿಂಟಿನ ಬಗ್ಗೆ ಒಪ್ಪುವುದಿಲ್ಲ. ಹೊಸ ಶೀರ್ಷಿಕೆಯ ಕೆಲಸ ಅವಸರದ್ದು, ಆರಂಭದ ಸಂಗೀತ ಕೆಲವೊಮ್ಮೆ ನಡುವೆಯೇ ತುಂಡಾಗುತ್ತದೆ. ಆ ಕಾಲದ ಸಂಗೀತದಲ್ಲಿ ಅದು ಸಣ್ಣ ನಷ್ಟವಲ್ಲ.

ಇನ್ನೊಂದು ನೋಡಬೇಕಾದ್ದು ಎಡ ಅಂಚು. ಮೂಕಿ ಕಾರ್ಟೂನಿಗೆ ಆಮೇಲೆ ಸಂಗೀತ ಸೇರಿಸಿದಾಗ ಧ್ವನಿಪಟ್ಟಿಗೆ ಜಾಗ ಬೇಕಾಗಿ ಚಿತ್ರದ ಎಡಭಾಗ ಕತ್ತರಿಸಿ ಹೋಗುತ್ತಿತ್ತು. ಎಡಗಡೆ ನಿಂತ ಪಾತ್ರದ ಅರ್ಧ ಮುಖ, ಮೊದಲಕ್ಷರವಿಲ್ಲದ ಬರಹ ಕಂಡರೆ ಅದೇ ಕಾರಣ. ಫೆಲಿಕ್ಸ್ ಕೊಳ್ಳುವವರು ಧ್ವನಿಯಿಲ್ಲದ ಪ್ರಿಂಟನ್ನೇ ಹುಡುಕಿ.

ಕರಾವಳಿಫಿಲ್ಮ್

ಎಲ್ಲರೂ ಚಿತ್ರದ ಬಗ್ಗೆ ಹೇಳುತ್ತಿದ್ದೀರಿ, ಫಿಲ್ಮಿನ ಆರೋಗ್ಯವನ್ನು ಮರೆಯಬಾರದು. ಡಬ್ಬಿ ತೆರೆದ ಕೂಡಲೇ ಮೂಗು ಉಪಯೋಗಿಸಿ. ವಿನೆಗರ್ ವಾಸನೆ ಬಂದರೆ ಅಸಿಟೇಟ್ (ಫಿಲ್ಮಿನ ಪ್ಲಾಸ್ಟಿಕ್ ತಳ) ಕೊಳೆಯಲು ಶುರುವಾಗಿದೆ. ಅದರಿಂದ ಹೊರಡುವ ಅಸಿಟಿಕ್ ಆಮ್ಲವೇ ಕೊಳೆತವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ, ಪಕ್ಕದ ರೀಲುಗಳಿಗೂ ತಾಗುತ್ತದೆ. ವಾಸನೆಯಿಂದ ಮಟ್ಟ ತಿಳಿಯುವುದಿಲ್ಲ, ಅದಕ್ಕೆ ಎ-ಡಿ ಪಟ್ಟಿ (ಆಮ್ಲ ತಾಗಿದಾಗ ಬಣ್ಣ ಬದಲಿಸುವ ಕಾಗದ) ಬೇಕು. ಮುಚ್ಚಿದ ಡಬ್ಬಿಯೊಳಗೆ ಪಟ್ಟಿಯನ್ನು 24 ಗಂಟೆ ಇಡಿ. ನೀಲಿಯಾಗೇ ಇದ್ದರೆ ಕ್ಷೇಮ, ಹಸಿರಾದರೆ ಎಚ್ಚರ, ಹಳದಿಯಾದರೆ ಕೈಮೀರಿದೆ. 0ರಿಂದ 3ರ ಮಾಪನದಲ್ಲಿ 1.5 ದಾಟಿದರೆ ಕೊಳೆತ ತನ್ನ ವೇಗಕ್ಕೆ ತಾನೇ ಓಡುತ್ತದೆ. ಅಂಥದ್ದನ್ನು ಕೂಡಲೇ ಬೇರ್ಪಡಿಸಿ ಸ್ಕ್ಯಾನ್ ಮಾಡಿಸಿ.

ಕುಗ್ಗಿದೆಯೋ ಇಲ್ಲವೋ ನೋಡಲು ದುಬಾರಿ ಉಪಕರಣ ಬೇಡ, ಒಂದು ಮೀಟರಿನ ಸ್ಟೀಲ್ ಸ್ಕೇಲ್ ಸಾಕು. 16 ಎಂ.ಎಂ. ಪ್ರಿಂಟಿನಲ್ಲಿ ಒಂದು ತೂತಿನಿಂದ ಮುಂದಿನದಕ್ಕೆ 7.62 ಮಿ.ಮೀ. ಅಂದರೆ 100 ಅಂತರಗಳಿಗೆ 762 ಮಿ.ಮೀ. ಮೊದಲ ತೂತಿನ ಮೇಲಂಚಿನಿಂದ 101ನೇ ತೂತಿನ ಮೇಲಂಚಿನವರೆಗೆ ಅಳೆಯಿರಿ. 756ರ ಹತ್ತಿರ ಬಂದರೆ ಶೇ 0.8ರಷ್ಟು ಕುಗ್ಗಿದೆ, ಪ್ರೊಜೆಕ್ಟರಿನ ಹಲ್ಲು ತೂತನ್ನು ಚಿವುಟಲು ಶುರುಮಾಡುತ್ತದೆ. 754 ಎಂದರೆ ಶೇ 1 ದಾಟಿತು, ಓಡಿಸಬೇಡಿ, ಹಲ್ಲಿನ ಚಕ್ರವಿಲ್ಲದ ಸ್ಕ್ಯಾನರಿಗೆ ಮಾತ್ರ ಕೊಡಿ. ಮೂರು ಜಾಗದಲ್ಲಿ ಅಳೆಯಿರಿ. ರೀಲಿನ ಹೊರಸುತ್ತು ಒಳಸುತ್ತಿಗಿಂತ ಬೇರೆಯಾಗಿ ಕುಗ್ಗಿರುವುದುಂಟು.

ಶೇಖರಣೆ: 21 ಡಿಗ್ರಿ ಸೆಲ್ಸಿಯಸ್, ಶೇ 50 ತೇವಾಂಶದಲ್ಲಿ ಹೊಸ ಅಸಿಟೇಟ್ ಫಿಲ್ಮಿಗೆ ವಿನೆಗರ್ ಹಿಡಿಯಲು ಸುಮಾರು 40 ವರ್ಷ ಎಂಬುದು ರಾಚೆಸ್ಟರಿನ ಇಮೇಜ್ ಪರ್ಮನೆನ್ಸ್ ಇನ್ಸ್ಟಿಟ್ಯೂಟಿನ ಅಂದಾಜು. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ತೇವಾಂಶ ಶೇ 65 ದಾಟಿದರೆ ಚಿತ್ರ ಹಿಡಿದಿಡುವ ಜಿಲೆಟಿನ್ ಪದರದ ಮೇಲೆ ಬೂಷ್ಟು ಹಿಡಿಯುತ್ತದೆ, ಕರಾವಳಿಯಲ್ಲಿ ಆಟಿ ತಿಂಗಳಿಡೀ ಅದಕ್ಕಿಂತ ಮೇಲೇ. ಬೆಂಗಳೂರು, ಮೈಸೂರಿನವರಿಗೆ ಇದು ಅರ್ಧ ತೊಂದರೆ. ತುಕ್ಕು ಹಿಡಿದ ತಗಡಿನ ಡಬ್ಬಿ ತೆಗೆದುಹಾಕಿ, ಗಾಳಿ ಆಡುವ ಪಾಲಿಪ್ರೊಪಿಲೀನ್ ಡಬ್ಬಿಗೆ ಬದಲಿಸಿ. ಅಟ್ಟದ ಮೇಲೆ ಬೇಡ, ಹೊರಗೋಡೆಗೆ ತಾಗಿದ ಬೀರುವೂ ಬೇಡ. ಬಟ್ಟೆಗೆ ಇಡುವ ನುಸಿಗುಳಿಗೆಯನ್ನು ಫಿಲ್ಮಿನ ಹತ್ತಿರ ತರಬೇಡಿ. ಫ್ರಿಜ್ಜಿನಲ್ಲಿ ಇಡುವವರು ಎರಡು ಪದರದ ಜಿಪ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚದೆ ಬಿಡಿ, ಇಲ್ಲದಿದ್ದರೆ ತಣ್ಣನೆ ಫಿಲ್ಮಿನ ಮೇಲೆ ನೀರು ಕೂರುತ್ತದೆ.

ಬೂಷ್ಟು ಬಂದಿದ್ದರೆ ನೀರು ತಾಗಿಸಲೇಬೇಡಿ. ಬೂಷ್ಟು ಜಿಲೆಟಿನನ್ನು ಕರಗುವಂತೆ ಮಾಡಿರುತ್ತದೆ, ಒದ್ದೆ ಬಟ್ಟೆಯೊಂದಿಗೆ ಚಿತ್ರವೇ ಎದ್ದು ಬರುತ್ತದೆ. ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್, ನಾರು ಬಿಡದ ಮೆತ್ತನೆ ಬಟ್ಟೆ, ಒಂದೊಂದಡಿಗೂ ಬಟ್ಟೆಯ ಹೊಸ ಮಗ್ಗುಲು. ಕಾಂತೀಯ ಧ್ವನಿಪಟ್ಟಿ ಇರುವ ಫಿಲ್ಮಿಗೆ ಇದು ಬೇಡ.

ಹೊಸನೋಟ

ಬೇಗ ಹೊತ್ತಿಕೊಳ್ಳುವ ಹಳೆಯ ನೈಟ್ರೇಟ್ ಫಿಲ್ಮ್ ಸಿಕ್ಕರೆ?

ಕರಾವಳಿಫಿಲ್ಮ್

ಮನೆಗೆ ತರಬೇಡಿ. 16 ಎಂ.ಎಂ. ಬಗ್ಗೆ ಈ ಭಯ ಬೇಕಿಲ್ಲ, ಅದು ಆರಂಭದಿಂದಲೇ ಸೇಫ್ಟಿ (ಸುಲಭವಾಗಿ ಹೊತ್ತಿಕೊಳ್ಳದ) ಫಿಲ್ಮ್. 1950ರ ದಶಕದ ಆರಂಭಕ್ಕಿಂತ ಹಿಂದಿನ 35 ಎಂ.ಎಂ. ಕಂಡರೆ ನೈಟ್ರೇಟ್ ಎಂದೇ ತಿಳಿಯಿರಿ. ಅದು ಉರಿಯುವಾಗ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರದು. 2003ರ ಜನವರಿಯಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು ಮೂಕಿ ಯುಗದ ರೀಲುಗಳು ಸುಟ್ಟುಹೋದವು. ಉರಿಸಿ ಪರೀಕ್ಷಿಸುವ ಹುಚ್ಚು ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಅಂಚಿನಲ್ಲಿ "ನೈಟ್ರೇಟ್" ಅಥವಾ "ಸೇಫ್ಟಿ" ಎಂಬ ಅಕ್ಷರ ನೋಡಿ, ಅನುಮಾನವಿದ್ದರೆ ಸಂಗ್ರಹಾಲಯದವರನ್ನೇ ಕೇಳಿ.

ತಾಳಗತಿ

ಪ್ರಿಂಟು ರಿಪೇರಿಯ ಬಗ್ಗೆ. ಈ ಕಾರ್ಟೂನುಗಳನ್ನು ಬೇರೆ ಚಿತ್ರಗಳಂತೆ ಕತ್ತರಿಸಿ ಅಂಟಿಸಬಾರದು, ಕಾರಣ ಸಂಗೀತ. 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲನಿ ಥಿಯೇಟರಿನಲ್ಲಿ "ಸ್ಟೀಮ್‌ಬೋಟ್ ವಿಲ್ಲಿ" ತೆರೆಕಂಡ ಮೇಲೆ ಚಲನೆಯನ್ನು ತಾಳಕ್ಕೆ ಲೆಕ್ಕಹಾಕಿ ಬರೆಯುವ ರೂಢಿ ಎಲ್ಲ ಸ್ಟುಡಿಯೋಗಳಿಗೂ ಹಬ್ಬಿತು. 12 ಫ್ರೇಮಿಗೊಂದು ಪೆಟ್ಟು ಎಂದರೆ ಸೆಕೆಂಡಿಗೆ ಎರಡು ಪೆಟ್ಟು, ಪಾತ್ರದ ಹೆಜ್ಜೆ, ಕಣ್ಣುಮಿಟುಕು, ಬಾಗಿಲು ಬಡಿತ ಎಲ್ಲವೂ ಅದರ ಮೇಲೆ. ಹರಿದ ಜಾಗದಲ್ಲಿ 6 ಫ್ರೇಮ್ ಕತ್ತರಿಸಿ ಎಸೆದರೆ ಅರ್ಧ ಪೆಟ್ಟು ಹೋಯಿತು. ತಾಳ ತಪ್ಪಿದ್ದು ಸಂಗೀತ ಕಲಿಯದ ಕಿವಿಗೂ ಗೊತ್ತಾಗುತ್ತದೆ.

ಹರಿದರೆ ಒಂದು ಫ್ರೇಮನ್ನೂ ತೆಗೆಯದೆ ತೂತಿರುವ ಪಾರದರ್ಶಕ ಟೇಪನ್ನು ಎರಡೂ ಬದಿಗೆ ಹಾಕಿ. ಸಿಮೆಂಟ್ ಅಂಟು ಗಟ್ಟಿ, ಆದರೆ ಅದಕ್ಕೆ ಎರಡು ತುದಿಗಳನ್ನು ಒಂದರ ಮೇಲೊಂದು ಕೂರಿಸಬೇಕು, ಚೂರು ಚಿತ್ರ ಹೋಗುತ್ತದೆ. ಪಾಲಿಯೆಸ್ಟರ್ ಫಿಲ್ಮಿಗೆ ಅದು ಹಿಡಿಯುವುದೂ ಇಲ್ಲ. ಸುತ್ತಿದ ರೀಲನ್ನು ದೀಪಕ್ಕೆ ಹಿಡಿದು ಬದಿಯಿಂದ ನೋಡಿ, ಬೆಳಕು ದಾಟಿ ಬಂದರೆ ಪಾಲಿಯೆಸ್ಟರ್, ಕತ್ತಲಾಗಿದ್ದರೆ ಅಸಿಟೇಟ್.

ಧ್ವನಿ-ಚಿತ್ರ ಹೊಂದದಿದ್ದರೆ ಪ್ರಿಂಟನ್ನು ಬೈಯುವ ಮುಂಚೆ ಪ್ರೊಜೆಕ್ಟರಿನ ಕೆಳಗಿನ ಲೂಪ್ (ಸಡಿಲವಾಗಿ ಬಿಟ್ಟ ಫಿಲ್ಮಿನ ಬಾಗು) ನೋಡಿ. 16 ಎಂ.ಎಂ.ನಲ್ಲಿ ಧ್ವನಿ ಚಿತ್ರಕ್ಕಿಂತ 26 ಫ್ರೇಮ್ ಮುಂದಿರುತ್ತದೆ. ಲೂಪ್ 3 ಫ್ರೇಮಿನಷ್ಟು ಚಿಕ್ಕದೋ ದೊಡ್ಡದೋ ಆದರೆ ಕಾಲುಪೆಟ್ಟು ತಪ್ಪುತ್ತದೆ. ಆದರೆ 1930ರ ದಶಕದ ಫ್ಲೈಷರ್ ಚಿತ್ರಗಳಲ್ಲಿ ಬಾಯಿ ಆಡದೆ ಮಾತು ಕೇಳಿದರೆ ಗಾಬರಿ ಬೇಡ. ಅಲ್ಲಿ ಚಿತ್ರ ಮುಗಿಸಿ ಆಮೇಲೆ ಮಾತು ಸೇರಿಸುತ್ತಿದ್ದರು. ಪಾಪಾಯ್ ಗೊಣಗಾಟದ ಸೊಗಸು ಬಂದದ್ದೇ ಅದರಿಂದ.

ಗರಡಿರೀಲು

ಪ್ರೊಜೆಕ್ಟರ್ ಮಾತು ಬಂತಲ್ಲ, ಫಿಲ್ಮನ್ನು ತಾನೇ ಪೋಣಿಸಿಕೊಳ್ಳುವ ಬೆಲ್ ಅಂಡ್ ಹೊವೆಲ್ ಯಂತ್ರ ಕೊಳ್ಳುವವರು ಒಳಗಿನ ಬಿಳಿ ಪ್ಲಾಸ್ಟಿಕ್ ವರ್ಮ್ ಗೇರ್ ನೋಡಿಯೇ ಕೊಳ್ಳಿ. ವಯಸ್ಸಾದಂತೆ ಅದು ಕುಗ್ಗಿ ಉದ್ದುದ್ದಕ್ಕೆ ಸೀಳುತ್ತದೆ. ಸೀಳಿದ್ದರೆ ಓಡಿಸಬೇಡಿ, ಜೊತೆಯ ಗೇರುಗಳನ್ನೂ ತಿಂದುಹಾಕುತ್ತದೆ. ಹೊಸ ರೀಲು ಹಾಕುವ ಮುಂಚೆ ಗೇಟನ್ನು (ಫಿಲ್ಮ್ ದೀಪದ ಮುಂದೆ ಹಾಯುವ ಕಿಂಡಿ) ಮೃದು ಬ್ರಷ್ಷಿನಿಂದ ಒರೆಸಿ, ಬೇಡದ ಫಿಲ್ಮ್ 50 ಅಡಿ ಓಡಿಸಿ ಗೀರು ಬೀಳುತ್ತದೆಯೇ ನೋಡಿ. ಗೀರು ಹಾಕುವುದು ಹೆಚ್ಚಾಗಿ ಗೇಟಿನಲ್ಲಿ ಗಟ್ಟಿಯಾದ ಎಮಲ್ಷನ್ (ಫಿಲ್ಮಿನ ಚಿತ್ರಪದರ) ಚೂರು. ಅದನ್ನು ಲೋಹದಿಂದ ಕೆರೆಯಬೇಡಿ, ಬಿದಿರುಕಡ್ಡಿ ಸಾಕು.

ಕಪ್ಪುಬಿಳುಪು

ಬಣ್ಣದ್ದೂ ಹೇಳಿಬಿಡೋಣ. ಈಸ್ಟ್‌ಮನ್‌ಕಲರ್ ಪ್ರಿಂಟಿನಲ್ಲಿ ನೀಲಿ-ಹಸಿರು ಬಣ್ಣ ಮೊದಲು ಮಾಸಿ ಇಡೀ ಚಿತ್ರ ಗುಲಾಬಿಯಾಗುತ್ತದೆ, ಅದನ್ನು ಫಿಲ್ಮಿನಲ್ಲೇ ಸರಿಮಾಡಲು ದಾರಿಯಿಲ್ಲ. ಟೆಕ್ನಿಕಲರಿನ ಬಣ್ಣ ಒತ್ತುವ ವಿಧಾನದ ಪ್ರಿಂಟು ಮಾಸುವುದಿಲ್ಲ. 1936ರ ಪಾಪಾಯ್–ಸಿಂದಬಾದ್ ಚಿತ್ರ ಎರಡು ರೀಲಿನದು, ಹಕ್ಕುಸ್ವಾಮ್ಯ ನವೀಕರಣವಾಗದ್ದರಿಂದ ಗುಲಾಬಿ ನಕಲುಗಳು ಬೇಕಾದಷ್ಟಿವೆ. ಅದರಲ್ಲಿ ಕಿರುಮಾದರಿ ಕಟ್ಟಡ-ಬಂಡೆಗಳನ್ನು ತಿರುಗುವ ಮೇಜಿನ ಮೇಲಿಟ್ಟು, ಅದರ ಮುಂದೆ ಸೆಲ್ ನಿಲ್ಲಿಸಿ ತೆಗೆದ ಗುಹೆಯ ದೃಶ್ಯಗಳಿವೆ. ಆ ಆಳ ಗುಲಾಬಿ ಮಂಜಿನಲ್ಲಿ ಪೂರ್ತಿ ಕರಗಿಹೋಗುತ್ತದೆ. ಅದೊಂದಕ್ಕಾದರೂ ಕಾದು ಒಳ್ಳೆಯ ಪ್ರಿಂಟು ತಗೊಳ್ಳಿ.

ಹೊಸನೋಟ

ಕೊಂಡದ್ದನ್ನು ಊರಿನ ಶಾಲೆಯಲ್ಲಿ ತೋರಿಸಬಹುದೇ?

ಚೌಕಟ್ಟು24

ಪ್ರಿಂಟು ಕೊಂಡರೆ ವಸ್ತು ನಿಮ್ಮದು, ಪ್ರದರ್ಶನದ ಹಕ್ಕಲ್ಲ. ಅಮೆರಿಕದಲ್ಲಿ ಆ ಕಾಲದ ಚಿತ್ರಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷದವರೆಗೆ ಹಕ್ಕು ಇರಬಹುದು. 1928ರವು 2024ರ ಜನವರಿ 1ಕ್ಕೆ, 1929ರವು 2025ಕ್ಕೆ ಬಿಡುಗಡೆಯಾದವು. ಭಾರತದ ಕಾಯಿದೆಯಲ್ಲಿ ಚಲನಚಿತ್ರಕ್ಕೆ 60 ವರ್ಷ. ಆದರೆ ಪಾತ್ರದ ಟ್ರೇಡ್‌ಮಾರ್ಕ್ ಬೇರೆ, ಒಳಗಿನ ಹಾಡಿನ ಹಕ್ಕು ಬೇರೆ. ಪೋಸ್ಟರಿನಲ್ಲಿ ಮಿಕಿಯ ಚಿತ್ರ ಹಾಕುವಾಗ ಇದನ್ನು ನೆನಪಿಡಿ.

ಮಕ್ಕಳಿಗೆ ತೋರಿಸುವ ಮುಂಚೆ ಪೂರ್ತಿ ಒಮ್ಮೆ ನೀವೇ ನೋಡಿ. ಆ ಕಾಲದ ಅಮೆರಿಕದ ಕಾರ್ಟೂನುಗಳಲ್ಲಿ ಕಪ್ಪು ಜನರನ್ನು, ಏಷ್ಯಾದವರನ್ನು ಹೀನಾಯವಾಗಿ ಬರೆದ ದೃಶ್ಯಗಳು ಎಚ್ಚರಿಕೆಯಿಲ್ಲದೆ ಬರುತ್ತವೆ.

ತಾಳಗತಿ

ಶಾಲೆಗಾದರೆ ಕಾರ್ಟೂನಿನ ಜೊತೆ ನಮ್ಮದೊಂದನ್ನೂ ಸೇರಿಸಿ. ಡಿಸ್ನಿಯಲ್ಲಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಗೆ ಬಂದು ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗದವರಿಗೆ ಕಲಿಸಿದರು, ಮರುವರ್ಷ ಜಾತಕ ಕಥೆಯ "ಬ್ಯಾನಿಯನ್ ಡಿಯರ್" ಬಂತು. ಆ ಕಾಲದ 16 ಎಂ.ಎಂ. ಪ್ರಿಂಟು ಕೈಗೆ ಬಂದರೆ ಮೇಲೆ ಹೇಳಿದ ಪರೀಕ್ಷೆಗಳನ್ನೇ ಮಾಡಿ, ಮೊದಲು ಸ್ಕೇಲ್ ಹಿಡಿದು 100 ಅಂತರ ಅಳೆಯಿರಿ. 756ಕ್ಕಿಂತ ಮೇಲಿದ್ದರೆ ಮಾತ್ರ ಪ್ರೊಜೆಕ್ಟರಿಗೆ.